ಒಂದೇ ಪ್ರತಿ

ಟೋರ್ಸ್‌ಹಾವ್ನ್‌ನಿಂದ ಮಂಗಳವಾರದ ದೋಣಿಯಲ್ಲಿ ಬಂತು ಪುಸ್ತಕ,
ಈರುಳ್ಳಿ ಮೂಟೆ, ಗ್ಯಾಸ್ ಸಿಲಿಂಡರು,
ಪಾದ್ರಿಯ ಹೊಸ ಕನ್ನಡಕದ ಜೊತೆ.
ಒಂದೇ ಪ್ರತಿ.
ಮನೆ ಹದಿನೇಳು, ಮಾಡಿನ ಮೇಲೆಲ್ಲ ಹುಲ್ಲು.
ಅಂಚೆಯೂ ನಾನೇ, ಗ್ರಂಥಾಲಯವೂ ನಾನೇ ಆದ್ದರಿಂದ
ಮೊದಲು ನಾನೇ ಓದಿದೆ, ಎರಡು ರಾತ್ರಿ,
ಒಲೆಯತ್ತ ಕಾಲು ಚಾಚಿ.

ಬರೆದವಳು ಎರಡು ಚಳಿಗಾಲ ಇಲ್ಲಿ ಸೂಲಗಿತ್ತಿಯಾಗಿದ್ದವಳು.
ಹನ್ನೊಂದು ಕಥೆ, ನಾಲ್ಕು ಮನೆತನ.
ಒಂದರಲ್ಲಿ ಕದ್ದ ಕುರಿ ಇನ್ನೊಂದರಲ್ಲಿ ಮದುವೆಯೂಟ;
ಮೂರನೆಯದರಲ್ಲಿ ಮುಚ್ಚಿದ ಬಾಗಿಲು
ಎಂಟನೆಯದರಲ್ಲಿ ಒಳಗಿನಿಂದ ತೆರೆಯುತ್ತದೆ.
ಹೆಸರೆಲ್ಲ ಬದಲಿಸಿದ್ದಳು, ಪಾಪ.
ನಾಯಿಗಳ ಹೆಸರು ಬದಲಿಸಲು ಮರೆತಿದ್ದಳು.

ಕುಂಬಳವೇ ಬೆಳೆಯದ ನೆಲ ನಮ್ಮದು.
ಆದರೂ ಆ ತಿಂಗಳು
ಊರಿಗೆ ಊರೇ ಹೆಗಲು ಮುಟ್ಟಿ ನೋಡಿಕೊಂಡಿತು.

ಮನೆಯಿಂದ ಮನೆಗೆ ಹೋಗಿ ಮರಳಿದಾಗಲೆಲ್ಲ
ಪುಸ್ತಕ ಸ್ವಲ್ಪ ದಪ್ಪಗಾಗಿರುತ್ತಿತ್ತು.
ರಾಕುಲ್ ಪೆನ್ಸಿಲಿನಲ್ಲಿ ತಿದ್ದಿದ್ದಳು:
‘ನಮ್ಮ ದೋಣಿ ನೀಲಿಯಲ್ಲ, ಹಸಿರು.
ಅತ್ತೆ ಅತ್ತದ್ದು ಮಣ್ಣಾದ ದಿನವಲ್ಲ, ಮಾರನೆಯ ದಿನ,
ಪಾತ್ರೆ ತೊಳೆಯುವಾಗ.’
ಅದರ ಕೆಳಗೆ ಬೇರೆ ಕೈ:
‘ಹಸಿರೂ ಅಲ್ಲ, ಬಣ್ಣವೇ ಇರಲಿಲ್ಲ.’
ಮೋರ್ಟನ್ ಐದನೇ ಕಥೆಯನ್ನು ದಾರ ಹಾಕಿ ಹೊಲಿದೇ ಕಳಿಸಿದ,
ಬಲೆಗೆ ಹಾಕುವ ಗಂಟು ಹಾಕಿ.
ಮುಂದಿನ ಮನೆಯವರು ಬಿಚ್ಚಿ, ಓದಿ, ಮತ್ತೆ ಹೊಲಿದರು;
ಗಂಟು ಮಾತ್ರ ಬೇರೆ.
ಪಾದ್ರಿ ಏನೂ ಹೇಳಲಿಲ್ಲ.
ಭಾನುವಾರದ ಪ್ರವಚನ ಕ್ಷಮೆಯ ಕುರಿತಾಗಿತ್ತು,
ಬಹಳ ಉದ್ದವಾಗಿತ್ತು.

ಬಿಲ್ಲಾಗೆ ಕಣ್ಣು ಕಾಣದು; ಮೊಮ್ಮಗಳು ಓದಿ ಹೇಳಿದಳು.
ಕಡಲು ಒಯ್ದ ತಮ್ಮ ಏಳನೇ ಕಥೆಯಲ್ಲಿ
ಬದುಕಿ ಬಂದು, ಬೂಟು ಬಿಚ್ಚಿ, ಕಾಫಿ ಕೇಳುತ್ತಾನೆ.
‘ಸುಳ್ಳು,’ ಅಂದಳಂತೆ ಬಿಲ್ಲಾ,
‘ಅವನು ಕಾಫಿ ಕುಡಿಯುತ್ತಿರಲಿಲ್ಲ.’
ಆಮೇಲೆ, ‘ಇನ್ನೊಮ್ಮೆ ಓದು.’

ನಾಲ್ಕನೇ ಕಥೆಯ ಅಂಚೆಯವಳು
ಕೆಟಲಿನ ಹಬೆಗೆ ಲಕೋಟೆ ಹಿಡಿಯುತ್ತಾಳೆ.
ಅದರ ಬಗ್ಗೆ ನಾನೇನೂ ಹೇಳುವುದಿಲ್ಲ.

ಹೈನಿ ಮಾತ್ರ ಮೂರು ಸಲ ಒಯ್ದ.
ಜೆಟ್ಟಿಯ ಮೇಲೆ ನಲವತ್ತು ವರ್ಷ ದೋಣಿಯ ಹಗ್ಗ ಹಿಡಿದವನು;
ಹೆಂಡತಿಯಿಲ್ಲ, ಮಕ್ಕಳಿಲ್ಲ, ಯಾರೊಡನೆಯೂ ಜಗಳವಿಲ್ಲ.
ಮೊದಲ ಸಲ ತಂದಿಟ್ಟು ಕೇಳಿದ,
‘ಪುಟ ಏನಾದರೂ ಬಿದ್ದುಹೋಗಿದೆಯಾ?’
ಎಣಿಸಿ ತೋರಿಸಿದೆ. ಒಂದೂ ಬಿದ್ದಿರಲಿಲ್ಲ.
ಕುರಿ ಕದ್ದವನಿಗೆ ಒಂದಿಡೀ ಕಥೆ ಉಂಟು,
ಕದಿಯದವನನ್ನು ಎಲ್ಲಿ ಕೂರಿಸುವುದು?
ಎರಡನೆಯ ಸಲ ಅವನು ಏನೂ ಕೇಳಲಿಲ್ಲ.

ಮೂರನೆಯ ಸಲ, ಮಂಜು ಕವಿದು ದೋಣಿ ಬಾರದ ದಿನ,
ಕೋಟಿನೊಳಗಿಂದ ತೆಗೆದು ಕೌಂಟರಿನ ಮೇಲೆ ಬಿಡಿಸಿಟ್ಟ.
ಒಂಬತ್ತನೇ ಕಥೆ. ಬಿರುಗಾಳಿಯಲ್ಲಿ ಹೆಂಗಸೊಬ್ಬಳು ಬಂದಿಳಿಯುವ ಪುಟ.
‘ದಡದಲ್ಲಿ ಯಾರೋ ಹಗ್ಗ ಹಿಡಿದರು.’
‘ಯಾರೋ’ ಎಂಬುದರ ಕೆಳಗೆ
ಉಗುರಿನಿಂದ ಗೀರಿದ ಗೆರೆ.
ಪೆನ್ಸಿಲಿಗೆ ಸಂಕೋಚ ಅವನಿಗೆ, ಗ್ರಂಥಾಲಯದ ಪುಸ್ತಕ ನೋಡಿ.

‘ಅವತ್ತು ವಾಯವ್ಯದ ಗಾಳಿ,’ ಅಂದ.
‘ಎರಡು ಸಲ ಕೈ ತಪ್ಪಿತು. ಅದನ್ನವಳು ಬರೆದಿಲ್ಲ.’
ಸ್ವಲ್ಪ ಹೊತ್ತು ನಿಂತು,
‘ಬರೆಯಲೇಬೇಕು ಅಂತೇನೂ ಇಲ್ಲ ಬಿಡು.’

ಇಂದಿನ ದೋಣಿಯಲ್ಲಿ ಬರೆದವಳದೇ ಕಾಗದ.
ದಪ್ಪ ಲಕೋಟೆ, ಅದೇ ಓರೆ ಅಕ್ಷರ,
ಹೈನಿಯ ಹೆಸರಿಗೆ.
ಹಗ್ಗ ಕಟ್ಟಿ ಅವನಿನ್ನೂ ಜೆಟ್ಟಿಯಲ್ಲೇ ಇದ್ದಾನೆ.
ಇಲ್ಲಿ ಕೆಟಲು ಕುದಿಯುತ್ತಿದೆ.

ಒಲೆಯಿಂದ ಇಳಿಸಿದೆ.
ಕೋಟು ಹುಡುಕುತ್ತಿದ್ದೇನೆ.